ಪ್ರಬಂಧಕ್ಕೆ ಮುಯ್ಯಾಳು

ಡಿಗ್ರಿಗೆ ಸೇರಿದ ಮೊದಲ ವಾರವೇ ನಮ್ಮ ಬರವಣಿಗೆ ಮೇಡಮ್ಮು ಎಲ್ಲರ ಕೈಲೂ ಒಂದು ಪುಟ ಬರೆಸಿದರು. ವಿಷಯ ‘ನಮ್ಮೂರಿನ ದಾರಿ’. ನಾನು ಹಾಸನದವಳೇ, ಕಾಲೇಜಿಗೆ ನಡೆದು ಬರುತ್ತೇನೆ, ನನ್ನ ದಾರಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಆದರೂ ಎರಡು ಪುಟ ತುಂಬಿಸಿದೆ. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಯಲ್ಲಿ ಪಳಗಿದವಳು ನಾನು. ಚೀಟಿ ಎತ್ತಿದಾಗ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಮೈಕು ಕೈಗೆ ಸಿಕ್ಕರೆ ಯಾವ ಕಡೆಯನ್ನಾದರೂ ಗೆಲ್ಲಿಸುತ್ತೇನೆ ಅನ್ನುವ ಧೈರ್ಯ. ಹಾಗಾಗಿ ರಸ್ತೆ ಅಗಲ ಮಾಡುವುದು ಅಭಿವೃದ್ಧಿಯೇ ಎಂದು ಕೇಳಿ, ಅಲ್ಲ ಎಂದು ಕಾರಣ ಕೊಟ್ಟು, ಎದುರಾಳಿ ಹೇಳಬಹುದಾದ್ದನ್ನೂ ನಾನೇ ಹೇಳಿ, ಅದನ್ನೂ ಮುರಿದು ಹಾಕಿ, ಗತ್ತಿನಿಂದ ಮುಗಿಸಿದೆ. ಹಾಳೆ ವಾಪಸು ಬಂದಾಗ ಕೆಳಗೆ ಕೆಂಪು ಇಂಕಿನಲ್ಲಿ ಒಂದೇ ಸಾಲು ಇತ್ತು: ‘ಚೆನ್ನಾಗಿದೆ. ಆದರೆ ಯಾರ ಜೊತೆ ಜಗಳ?’

ನನಗೆ ಸಿಟ್ಟು ಬಂತು. ಜಗಳ ಇಲ್ಲದೆ ಬರೆಯುವುದು ಯಾಕೆ ಅಂತಲೇ ನನಗೆ ಆಗ ಗೊತ್ತಿರಲಿಲ್ಲ.

ಆ ಕ್ಲಾಸು ಒಂದೇ ಕೋಣೆಯಲ್ಲಿ ನಾಲ್ಕೈದು ಕ್ಲಾಸು ಕೂತ ಹಾಗಿತ್ತು. ಪೇಪರಿಗೆ ಓದುಗರ ಪತ್ರ ಬರೆಯುವವರು ಒಂದಿಬ್ಬರು ಇದ್ದರು. ಪಿಯುಸಿಯವರೆಗೆ ಗೈಡು ಉರು ಹೊಡೆದೇ ಬಂದು, ಸ್ವಂತದ ಒಂದು ವಾಕ್ಯವನ್ನೂ ಬರೆಯದವರು ಅರ್ಧಕ್ಕರ್ಧ ಇದ್ದರು. ನಮ್ಮ ಹಿಂದಿನ ಬೆಂಚಿನಲ್ಲಿ ಚನ್ನರಾಯಪಟ್ಟಣದ ಹುಡುಗನೊಬ್ಬ, ಕೊಬ್ಬರಿ ವ್ಯಾಪಾರದ ಮನೆಯವನು, ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಅವನ ಮಾತು ಅರಳು ಹುರಿದ ಹಾಗೆ. ಬರೆಯಲು ಕೂತರೆ ಮಾತ್ರ ಒಂದೊಂದು ಅಕ್ಷರಕ್ಕೂ ಮೇಲೆ ನೋಡುತ್ತಿದ್ದ. ಅವನ ಪಕ್ಕ ಅರಕಲಗೂಡು ಕಡೆಯ ರಾಮನಾಥಪುರದವನು, ಹೊಗೆಸೊಪ್ಪು ಬೆಳೆಯುವ ಮನೆ. ಅವನ ಕೈಬರಹ ಮುತ್ತು ಪೋಣಿಸಿದ ಹಾಗೆ. ಬರೆದಿದ್ದು ಮಾತ್ರ ಕಾವೇರಿಯ ಜುಳುಜುಳು, ಹಸಿರು ಸಿರಿ, ಪ್ರಕೃತಿಯ ತವರೂರು.

“ನಿಮ್ಮೂರಲ್ಲಿ ಹೊಗೆಸೊಪ್ಪು ಬೆಳೆಯಲ್ವೇನಪ್ಪ?” ಎಂದು ಮೇಡಮ್ ಕೇಳಿದರು.

“ಬೆಳೀತೀವಿ ಮೇಡಮ್. ಅದನ್ನ ಪ್ರಬಂಧದಲ್ಲಿ ಹಾಕಬೋದಾ?”

ಕ್ಲಾಸೆಲ್ಲ ನಕ್ಕಿತು. ಅವನು ನಿಜವಾಗಿಯೇ ಕೇಳಿದ್ದ.

ನನ್ನ ಪಕ್ಕ ಕೂರುತ್ತಿದ್ದವಳು ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯವಳು. ಅವಳ ಪುಟದಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ವಾಕ್ಯ. ಮನೆ ಬಿಟ್ಟು ಬಸ್ಸು ಹತ್ತಿ ಹೊಳೆನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಸೀಟು ಸಿಗದೆ ನಿಂತು ಅಂತ ಹೋಗುತ್ತಲೇ ಇತ್ತು, ಹಾಸನ ಬರುವ ಮೊದಲೇ ಹಾಳೆ ಮುಗಿದಿತ್ತು.

“ಎಲ್ಲಾದರೂ ನಿಲ್ಲಿಸಬಾರದೇನೇ?” ಅಂದೆ.

“ಬಸ್ಸು ನಿಲ್ಸಿದ್ರೆ ತಾನೇ ನಾನು ನಿಲ್ಸಾದು?” ಅಂದಳು.

ನಿಮ್ಮೆಲ್ಲರ ಮಟ್ಟ ಬೇರೆ ಬೇರೆ ಇದೆ ಅಂದು ಮೇಡಮ್ ಒಂದು ಏರ್ಪಾಟು ಹೇಳಿದರು. ಇನ್ನೂ ಎರಡು ಪ್ರಬಂಧ ಬರೆಸುತ್ತೇನೆ. ಒಂದು ಮನೆಯಲ್ಲಿ ಬರೆದು ತರುವುದು, ಇನ್ನೊಂದು ಕ್ಲಾಸಿನಲ್ಲೇ ಬರೆಯುವುದು. ಅಷ್ಟರಲ್ಲಿ ಒಂದು ಪುಟವನ್ನು ನೆಟ್ಟಗೆ ನಡೆಸಲು ಬಾರದವರಿಗೆ ಸಂಜೆ ನಾಲ್ಕು ಗಂಟೆಗೆ ಬೇರೆ ಕ್ಲಾಸು. ಅದಕ್ಕೂ ಹಾಜರಿ ಇದೆ. ಹಾಜರಿ ಸಾಲದಿದ್ದರೆ ಈ ವಿಷಯದ ಪರೀಕ್ಷೆಗೆ ಕೂರುವ ಹಾಗಿಲ್ಲ.

ನಾನು ಎದ್ದು ನಿಂತೆ. “ಮೇಡಮ್, ಮಟ್ಟ ಅಂತ ಹೇಳ್ತಿದ್ದೀರಲ್ಲ, ಅದನ್ನ ಅಳೆಯೋದು ಯಾರು?”

“ನಾನು” ಅಂದರು. “ಕೂತ್ಕೊ.”

ಚರ್ಚೆಯಲ್ಲಿ ಇಷ್ಟು ಚಿಕ್ಕ ಉತ್ತರಕ್ಕೆ ಮರುಪ್ರಶ್ನೆ ಹಾಕುವುದು ಕಷ್ಟ. ಕೂತೆ.

ಆವತ್ತು ಮಧ್ಯಾಹ್ನ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದಾಗ ಹಳೇಕೋಟೆಯವಳು ಊಟ ಮಾಡಲಿಲ್ಲ. ಏನಾಯಿತೆಂದು ಕೇಳಿದೆ.

“ನಾಕು ಗಂಟೆ ಕ್ಲಾಸು ನಂಗಾಗಲ್ಲ ಕಣೇ. ಅವ್ವಂಗೆ ಬಲಗೈ ಎತ್ತಕ್ಕಾಗಲ್ಲ, ಬಿದ್ದು ಭುಜ ಇಡ್ಕಂಡೈತೆ. ಮೂರು ಹಸ ಕರೀಬೇಕು. ನಾಕರ ಬಸ್ಸು ಬಿಟ್ರೆ ನಾನು ಊರು ಸೇರೊ ಒತ್ಗೆ ಡೈರಿ ಬಾಗ್ಲು ಆಕಿರ್ತಾರೆ. ಕ್ಯಾನು ಮುಚ್ಚಿದ ಮ್ಯಾಲೆ ದ್ಯಾವ್ರು ತಂದ್ರೂ ಆಲು ಆಕುಸ್ಕಳಲ್ಲ.”

“ಹಾಗಾದ್ರೆ?”

“ಹಾಗಾದ್ರೆ ಏನು, ಕಾಲೇಜು ಬಿಡಾದು. ಮನೇಲೇ ಕೂತು ಪರೀಕ್ಷೆ ಕಟ್ತೀನಿ.”

ಹಾಗೆ ಹೇಳಿ ಹೋದವರು ನನ್ನ ಪಿಯುಸಿ ಗೆಳತಿಯರಲ್ಲೇ ಇದ್ದರು. ಒಬ್ಬಳೂ ಕಟ್ಟಲಿಲ್ಲ. ಅವಳಿಗೆ ಅದನ್ನು ಹೇಳಲಿಲ್ಲ. “ನಾನು ತಿದ್ದಿ ಕೊಡ್ತೀನಿ ಬಿಡು, ನೀನು ಬರೆದು ತಾ” ಅಂದೆ.

ಅವಳಿಗೆ ಅದು ಇಷ್ಟವಾಗಲಿಲ್ಲ. “ಸುಮ್‌ಸುಮ್ನೆ ಮಾಡುಸ್ಕಳಾದಾ? ಬ್ಯಾಡ. ನಾಟಿ ಕಾಲ್ದಲ್ಲಿ ನಮ್ಮೂರಲ್ಲಿ ಎಂಗೆ ಮಾಡ್ತೀವಿ, ಅಂಗೆ ಮಾಡನ. ಮುಯ್ಯಾಳು. ಇವತ್ತು ನಮ್ ಗದ್ದೇಗೆ ಎಲ್ಲಾರೂ, ನಾಳಿಕೆ ನಿಮ್ ಗದ್ದೇಗೆ ಎಲ್ಲಾರೂ. ಕೂಲಿ ಇಲ್ಲ, ಆಳಿಗೆ ಆಳು.”

ರಾಮನಾಥಪುರದವನು ಎರಡು ಮಾರು ದೂರದಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದವನು ಅಲ್ಲಿಂದಲೇ ಹೇಳಿದ. “ನಾನೂ ಬತ್ತೀನಿ ಕಣಮ್ಮಿ. ಸೊಪ್ಪು ಪೋಣ್ಸಕ್ಕೆ ನಮ್ಮಲ್ಲೂ ಅಂಗೇಯ.” ಪಕ್ಕದಲ್ಲಿದ್ದ ಚನ್ನರಾಯಪಟ್ಟಣದವನನ್ನು ಮೊಣಕೈಯಿಂದ ತಿವಿದ. “ನೀನೂ ಬಾರ್ಲಾ.”

“ನಮ್ಮನೇಲಿ ಮುಯ್ಯಾಳು ಇಲ್ಲಪ್ಪ. ತೋಟಕ್ಕೆ ಕೂಲಿ ಕೊಟ್ಟು ಆಳು ಕರೆಸೋದು.”

“ಅದ್ಕೇ ಕಣ್ಲಾ ನಿಂಗೆ ಒಂದ್ ಪುಟ ಬರೆಯಕ್ಕಾಗಲ್ಲ. ಬ್ಯಾರೆಯೋರ ಕೈಲಿ ಮಾಡ್ಸೇ ರೂಢಿ.”

ನಾನು ಸುಮ್ಮನಿರಲಿಲ್ಲ. ಮುಯ್ಯಾಳು ನಡೆಯುವುದು ಸರಿಸಮ ಇರುವವರ ನಡುವೆ ಅಂದೆ. ಒಂದು ದಿನದ ದುಡಿಮೆಗೆ ಒಂದು ದಿನದ ದುಡಿಮೆ ಸರಿ, ಆದರೆ ಒಂದು ಗಂಟೆಯಲ್ಲಿ ನಾನು ಬರೆಯುವುದಕ್ಕೂ ನೀನು ಬರೆಯುವುದಕ್ಕೂ ವ್ಯತ್ಯಾಸ ಇಲ್ಲವಾ ಅಂದೆ. ಮಾತು ಸ್ವಲ್ಪ ಒರಟಾಯಿತು, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಈಗಲೂ ಸರಿಯಾಗಿಯೇ ಇದೆ ಅನ್ನುತ್ತೇನೆ.

ಅವಳಿಗೆ ಬೇಜಾರಾಗಲಿಲ್ಲ. “ನಾಟಿಗೆ ನಮ್ಮಜ್ಜಿ ಬಂದ್ರೂ ಒಂದಾಳೇ, ನಮ್ಮತ್ತಿಗೆ ಬಂದ್ರೂ ಒಂದಾಳೇ. ಅಜ್ಜಿ ಒಂದ್ ಸಾಲು ನೆಡೋ ಒತ್ಗೆ ಅತ್ತಿಗೆ ಮೂರು ಸಾಲು ನೆಟ್ಟು ಬಗ್ಗಿದ ಸ್ವಂಟ ಎತ್ತಿರ್ತಾರೆ. ಅದ್ಕೆ ಅಜ್ಜೀನ ಮೂರು ದಿನ ಬಾ ಅಂತಾರಾ ಯಾರಾದ್ರೂವೆ?”

“ಅದು ವಾದ ಅಲ್ಲ. ರೂಢಿ.”

“ರೂಢಿ ಆದ್ರೆ ಏನೀಗ?”

ಅದರಲ್ಲಿ ತೂತು ಹುಡುಕಿದೆ. ಬೇಗ ಕೈ ಓಡುವವರಿಗೆ ಇದರಿಂದ ನಷ್ಟ ಅಲ್ಲವಾ, ಹಾಗಾದರೆ ಅವರು ಯಾಕೆ ಒಪ್ಪುತ್ತಾರೆ? ಅಜ್ಜಿಯನ್ನು ಒಂದಾಳು ಅಂತ ಲೆಕ್ಕ ಹಿಡಿಯದಿದ್ದರೆ ಅಜ್ಜಿಯ ಮನೆಯ ಗದ್ದೆಗೆ ಯಾರೂ ಹೋಗದೆ ಆ ಮನೆ ಆಟದಿಂದಲೇ ಆಚೆ ಬೀಳುತ್ತದೆ, ಅದಕ್ಕಿರಬಹುದು. ಇಲ್ಲವೇ ಅತ್ತಿಗೆಯೂ ಮುಂದೆ ಅಜ್ಜಿಯಾಗುವವಳೇ ಅಂತ ಇರಬಹುದು. ನನಗೆ ಖಚಿತ ಗೊತ್ತಿಲ್ಲ. ಹಳ್ಳಿಯದೆಂದ ಮಾತ್ರಕ್ಕೆ ಮುಯ್ಯಾಳನ್ನು ದೊಡ್ಡದು ಮಾಡಿ ಹೊಗಳುವವಳಲ್ಲ ನಾನು. ಅವಳೇ ಹೇಳಿದಂತೆ ಅವರೂರಲ್ಲೂ ಅದು ಈಗ ಕೆಲವು ಮನೆಗಳಲ್ಲಿ ಮಾತ್ರ ಉಳಿದಿದೆ, ಹೆಚ್ಚು ಜಮೀನಿದ್ದವರು ಯಾವತ್ತೂ ಅದರೊಳಗೆ ಇರಲಿಲ್ಲ.

ಮನೆಯಲ್ಲಿ ಬರೆದು ತರುವ ಪ್ರಬಂಧಕ್ಕೆ ಮೇಡಮ್ ಕೊಟ್ಟ ವಿಷಯ ‘ನಾನು ಒಪ್ಪದ ಒಂದು ಮಾತು’. ನನಗೆ ಹಬ್ಬ. ಉಳಿದವರಿಗೆ ತಲೆನೋವು.

ದಿನಕ್ಕೊಬ್ಬರ ಗದ್ದೆ ಅಂತ ಗೊತ್ತು ಮಾಡಿಕೊಂಡೆವು. ಕಟ್ಟುಪಾಡು ಹೇಳಿದ್ದು ಹಳೇಕೋಟೆಯವಳೇ. ಯಾರ ಗದ್ದೆಯೋ ಅವರೇ ಊಟ ಹಾಕಬೇಕು. ಎಲ್ಲಿ ಏನು ನೆಡಬೇಕು ಅನ್ನುವುದು ಗದ್ದೆಯವರ ಮಾತು, ಬಂದವರು ಬದುವಿನ ಮೇಲೆ ನಿಂತು ‘ಈ ತಳಿ ಯಾಕೆ ಹಾಕಿದೆ’ ಅಂತ ಕೇಳಬಾರದು. ಕೊನೆಯ ಕಟ್ಟುಪಾಡು ಹೇಳುವಾಗ ಮೂವರೂ ನನ್ನ ಮುಖ ನೋಡಿದರು.

ಮೊದಲ ದಿನ ಅವಳದೇ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಿದ್ದಳು. ಅವಳು ಒಪ್ಪದ ಮಾತು ‘ಡಿಗ್ರಿ ಮಾಡ್ಕಂಡೂ ಆಲು ಕರೀತೀಯಾ’ ಅನ್ನುವುದು. ಊರಲ್ಲಿ ದಿನಾ ಯಾರಾದರೊಬ್ಬರು ಕೇಳುತ್ತಾರಂತೆ. ಅವಳು ಬಾಯಲ್ಲಿ ಹೇಳುತ್ತಾ ಹೋದಳು, ರಾಮನಾಥಪುರದವನು ಮುತ್ತಿನ ಅಕ್ಷರದಲ್ಲಿ ಬರೆದುಕೊಂಡ. ಆಮೇಲೆ ಅದನ್ನು ತನ್ನ ಕೈಬರಹಕ್ಕೆ ಇಳಿಸಿಕೊಳ್ಳುವುದು ಅವಳ ಪಾಲು. ಚನ್ನರಾಯಪಟ್ಟಣದವನು ಅಲ್ಲಲ್ಲಿ ತಡೆದು ‘ನಂಗೆ ಅರ್ಥ ಆಗಲಿಲ್ಲ, ಹಸು ಯಾರದು, ದುಡ್ಡು ಯಾರಿಗೆ’ ಅಂತ ಕೇಳಿದ. ಊರಿನ ಮನೆಯ ಒಳಗು ಹೊರಗು ಗೊತ್ತಿಲ್ಲದ ಅವನ ಪ್ರಶ್ನೆಗಳಿಂದಲೇ ಅವಳ ಒಂದೇ ವಾಕ್ಯ ಮೊದಲ ಸಲ ತುಂಡು ತುಂಡಾಯಿತು. ಹೆಣ್ಣುಮಕ್ಕಳ ಶಿಕ್ಷಣ, ಸ್ವಾತಂತ್ರ್ಯ, ಕೊಟ್ಟಿಗೆಯಿಂದ ಬಿಡುಗಡೆ ಅಂತ ನಾನು ಒಂದು ಒಳ್ಳೆಯ ಪ್ಯಾರಾ ಕಟ್ಟಿ ಕೊಟ್ಟೆ.

ಅವಳು ಎರಡು ಸಲ ಓದಿಸಿಕೊಂಡಳು. “ಚಂದಾಗೈತೆ. ಆದ್ರೆ ಇದು ನಂದಲ್ಲ ಕಣೇ. ನಾನೇನು ಅಸ ಬಿಟ್ಟೋಗಕ್ಕೆ ಓದ್ತಿದ್ದೀನಾ? ಆ ಅಸದ ದುಡ್ಡಲ್ಲೇ ಓದ್ತಿರಾದು. ತಗಿ ಇದ.”

“ಅಲ್ವೇ, ನೀನು ಇದನ್ನ ಹೇಳದಿದ್ರೆ ವಾದಕ್ಕೆ ಬಲ ಎಲ್ಲಿಂದ ಬರುತ್ತೆ?”

“ಬದುವಿನ ಮ್ಯಾಲೆ ನಿಂತ್ಕಂಡು ಕೇಳಂಗಿಲ್ಲ” ಎಂದು ರಾಮನಾಥಪುರದವನು ಬಾಯ್ತುಂಬ ರೊಟ್ಟಿ ಇಟ್ಟುಕೊಂಡೇ ಅಂದ.

ಪ್ಯಾರಾ ಹೋಯಿತು. ಅದು ಆ ವರ್ಷ ನಾನು ಬರೆದದ್ದರಲ್ಲೇ ಒಳ್ಳೆಯದು ಅಂತ ನನಗೆ ಆವತ್ತು ಅನ್ನಿಸಿತ್ತು.

ಮಾರನೆಯ ದಿನ ಚನ್ನರಾಯಪಟ್ಟಣದವನು ಬೇಕರಿಯಿಂದ ಆಲೂ ಬನ್ನು ತಂದ. ಅದರ ಮರುದಿನ ರಾಮನಾಥಪುರದವನು ಪ್ಲಾಸ್ಟಿಕ್ ಕವರಿನಲ್ಲಿ ಬಿಸಿ ಬಿಸಿ ಕಡಲೆಕಾಯಿ ತಂದು, ಹೊಗೆಸೊಪ್ಪು ಬೆಳೆಯುವವರು ಪಾಪಿಗಳು ಅನ್ನುವ ಮಾತನ್ನು ಒಪ್ಪುವುದಿಲ್ಲ ಅಂದ. ಅದರ ಮೇಲೆ ನಾವು ಗಂಟಲು ಹರಿಯುವಷ್ಟು ಕಿತ್ತಾಡಿದೆವು, ಆದರೆ ಗದ್ದೆ ಅವನದಾದ್ದರಿಂದ ಅವನು ಹೇಳಿದ್ದೇ ಉಳಿಯಿತು. ಕಾವೇರಿಯ ಜುಳುಜುಳು ಆ ಪ್ರಬಂಧದೊಳಕ್ಕೆ ಬರಲಿಲ್ಲ.

ಕೊನೆಯ ದಿನ ನನ್ನದು. ಕ್ಯಾಂಟೀನಿನಿಂದ ಬೋಂಡ ತರಿಸಿದೆ. ನನಗೆ ಸಹಾಯ ಬೇಕಿರಲಿಲ್ಲ, ಬರೆದು ಮುಗಿಸಿಯೇ ತಂದಿದ್ದೆ. ‘ಎರಡೂ ಕಡೆ ಸತ್ಯ ಇರುತ್ತದೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ ಅಂತ. ಇಬ್ಬರು ಎದುರುಬದುರು ಮಾತಾಡುವಾಗ ಒಬ್ಬರು ತಪ್ಪು ಅಂತ ಹೇಳಲು ಹೆದರುವವರೇ ಆ ಮಾತಿನ ಹಿಂದೆ ಅಡಗಿಕೊಳ್ಳುವುದು ಅಂತ. ಓದಿ ಹೇಳಿದೆ. ಹುಡುಗರು ಬೋಂಡ ಮುಗಿಸಿ, ಚೆನ್ನಾಗಿದೆ ಅಂದು ಒಂದೆರಡು ಮಾತು ಸೇರಿಸಿ ಎದ್ದರು. ಹಳೇಕೋಟೆಯವಳು ಏಳಲಿಲ್ಲ.

“ನಂಗೂ ಏನಾರ ಕೆಲ್ಸ ಕೊಡು.”

“ಏನೂ ಬಾಕಿ ಇಲ್ಲ ಕಣೇ, ಆಗ್ಹೋಯ್ತು.”

“ನೀನು ನಮ್ಮ ಗದ್ದೇಲಿ ಒಂದೊತ್ತು ಗೇದಿದ್ದೀಯ. ಮುಯ್ಯಿ ತೀರಿಸ್ದೆ ಎಂಗೆ ಎದ್ದೋಗ್ಲಿ? ನಮ್ಮವ್ವ ಕೇಳಿದ್ರೆ ಉಗೀತಾಳೆ.”

ನಕ್ಕುಬಿಟ್ಟೆ. ಅವಳು ನಗಲಿಲ್ಲ. ಹಾಳೆ ಕಿತ್ತುಕೊಂಡು ಕಟ್ಟೆಯ ಮೇಲೆ ಬಗ್ಗಿ ಕೂತು, ಮಧ್ಯಾಹ್ನದ ಪೀರಿಯಡ್ಡೊಂದನ್ನು ತಪ್ಪಿಸಿಕೊಂಡು ಎರಡು ಪ್ಯಾರಾ ಬರೆದಳು. ಅವರೂರಲ್ಲಿ ಅಕ್ಕಪಕ್ಕದ ಗದ್ದೆಯ ಇಬ್ಬರು ನೀರಿಗೆ ಜಗಳಾಡಿದ್ದು. ನಾನು ಬದು ಒಡೆದು ನೀರು ಬಿಟ್ಟುಕೊಂಡಿಲ್ಲ ಅಂತ ಇವನು, ನಾನೂ ಒಡೆದಿಲ್ಲ ಅಂತ ಅವನು. ಮಾತು ನಿಂತು, ಮದುವೆಗೂ ಕರೆಯದಂತಾಗಿ, ಕೊನೆಗೆ ನೋಡಿದರೆ ಬದುವಿನೊಳಗೆ ಏಡಿ ಬಿಲ ತೋಡಿ ನೀರು ಅದರಲ್ಲಿ ಹೋಗುತ್ತಿತ್ತು. ಇಬ್ಬರೂ ಹೇಳಿದ್ದು ನಿಜವೇ, ನೀರು ಹೋಗಿದ್ದೂ ನಿಜವೇ ಅಂತ ಮುಗಿಸಿದ್ದಳು.

ನನ್ನ ಪ್ರಬಂಧ ಹೇಳುತ್ತಿದ್ದುದಕ್ಕೆ ಇದು ಪೂರಾ ಉಲ್ಟಾ. ಬೇಡ ಅನ್ನುವ ಹಕ್ಕು ನನಗಿತ್ತು, ಗದ್ದೆ ನನ್ನದು. ಆದರೆ ಬೇಡ ಅಂದರೆ ಅವಳ ಮುಯ್ಯಿ ತೀರುವುದಿಲ್ಲ, ಇನ್ನೊಂದು ಬರೆಯುತ್ತೇನೆ ಅಂತ ಕೂರುತ್ತಾಳೆ. ನಾಲ್ಕರ ಬಸ್ಸು ಬೇರೆ. ತೆಗೆದುಕೊಂಡೆ. ಅದರ ಮುಂದೆ ಒಂದು ‘ಆದರೂ’, ಹಿಂದೆ ಒಂದು ‘ಹಾಗಿದ್ದರೂ’ ಸೇರಿಸಿ ನನ್ನ ಪ್ರಬಂಧದ ನಡುವೆ ಕೂರಿಸಿದೆ.

ಸಿಕ್ಕಿಬಿದ್ದದ್ದು ಅಲ್ಲೇ. ಗೊತ್ತಿದ್ದವಳು ಗೊತ್ತಿಲ್ಲದವಳಿಗೆ ಬರೆದುಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಹುಡುಗಿ ಸುಧಾರಿಸಿದ್ದಾಳೆ ಅಂದುಕೊಳ್ಳುತ್ತಿದ್ದರು. ವಾಪಸು ಬಂದ ಮುಯ್ಯಿಯೇ ನಮ್ಮನ್ನು ಹಿಡಿದುಕೊಟ್ಟಿತು.

ಮೇಡಮ್ ನಾಲ್ವರನ್ನೂ ಸ್ಟಾಫ್ ರೂಮಿಗೆ ಕರೆಸಿದರು. ಮೇಜಿನ ಮೇಲೆ ನಾಲ್ಕು ಪ್ರಬಂಧ ಸಾಲಾಗಿ ಇದ್ದವು. ನನ್ನದನ್ನು ಎತ್ತಿ ಹಿಡಿದರು.

“ಇದರ ನಡುವೆ ಯಾರೋ ಬಂದು ಕೂತಿದ್ದಾರೆ. ಯಾರು?”

ನಾನು ಗಂಟಲು ಸರಿಮಾಡಿಕೊಂಡೆ.

“ಮೊಬೈಲಲ್ಲಿ ಬರೆಸಿದ್ದಾ? ಈಗ ಅದೊಂದು ಶುರುವಾಗಿದೆ.”

“ಮೊಬೈಲಿಗೆ ಏಡಿ ಬಿಲ ಎಲ್ಲಿ ಗೊತ್ತಾಗಬೇಕು ಮೇಡಮ್” ಎಂದು ರಾಮನಾಥಪುರದವನು ಬಾಯಿಬಿಟ್ಟ. ಅಲ್ಲಿಗೆ ಎಲ್ಲ ಆಚೆ ಬಂತು. ಹಳೇಕೋಟೆಯವಳು ಮುಯ್ಯಾಳಿನ ಕತೆಯನ್ನು ಒಂದೇ ಉಸಿರಿಗೆ ಹೇಳಿದಳು, ಅದರಲ್ಲಿ ಏನೋ ತಪ್ಪಿದೆ ಅನ್ನುವ ಅಳುಕೇ ಇಲ್ಲದೆ.

ಮೇಡಮ್ ಕನ್ನಡಕ ತೆಗೆದಿಟ್ಟರು. “ಇದನ್ನ ಕಾಪಿ ಅಂತಾರೆ ಕಣ್ರೋ.”

ಈಗ ನನ್ನ ಸರದಿ ಅಂದುಕೊಂಡೆ. ಹಿಂದಿನ ರಾತ್ರಿಯೇ ಅನುಮಾನ ಬಂದು ವಾದ ಸಿದ್ಧ ಮಾಡಿಟ್ಟುಕೊಂಡಿದ್ದೆ. ಕಾಪಿ ಅಂದರೆ ಒಬ್ಬರ ಬರಹ ಅವರಿಗೆ ಗೊತ್ತಿಲ್ಲದೆ ಇನ್ನೊಬ್ಬರದಾಗುವುದು. ಇಲ್ಲಿ ಎಲ್ಲರಿಗೂ ಎಲ್ಲ ಗೊತ್ತು. ಎರಡನೆಯದಾಗಿ, ಮನೆಯಲ್ಲಿ ಬರೆದು ತನ್ನಿ ಅಂದ ಮೇಲೆ ಒಬ್ಬರೇ ಬರೆಯಿರಿ ಅಂತ ನೀವು ಹೇಳಿರಲಿಲ್ಲ. ಮೂರನೆಯದಾಗಿ, ಮಟ್ಟ ಬೇರೆ ಬೇರೆ ಅಂತ ಹೇಳಿದ್ದು ನೀವೇ, ಅದನ್ನು ಸರಿದೂಗಿಸಲು ದಾರಿ ಹುಡುಕಿದ್ದು ನಾವು. ಚೆನ್ನಾಗಿಯೇ ಹೇಳಿದೆ. ಚಪ್ಪಾಳೆಯೊಂದು ಬಾಕಿ.

ಮೇಡಮ್ ನನ್ನ ಕಡೆ ತಿರುಗಲೇ ಇಲ್ಲ. ಅವಳನ್ನು ಕೇಳಿದರು. “ನಿಮ್ಮ ಮುಯ್ಯಾಳಲ್ಲಿ ಬೆಳೆ ಯಾರದಮ್ಮಾ?”

“ಗದ್ದೆಯೋರದು ಮೇಡಮ್.”

“ಪರೀಕ್ಷೆ ಹಾಲಲ್ಲಿ ಮುಯ್ಯಾಳು ಬರ್ತಾರಾ?”

ಅವಳು ನನ್ನ ಕಡೆ ತಿರುಗಿದಳು. ಒಳ್ಳೆಯ ಪ್ರಶ್ನೆ ಬಂದಾಗ ಅದು ಎದುರಾಳಿಯದೇ ಆದರೂ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಆವತ್ತು ಖುಷಿಯಾಗಲಿಲ್ಲ. ನನ್ನ ಮೂರು ಅಂಶಗಳೂ ನಾವು ತಪ್ಪು ಮಾಡಿಲ್ಲ ಅಂತ ತೋರಿಸುತ್ತಿದ್ದವೇ ಹೊರತು, ಅವಳಿಗೆ ಬರೆಯಲು ಬರುತ್ತದೆ ಅಂತ ತೋರಿಸುತ್ತಿರಲಿಲ್ಲ. ಅವಳು ಕಾಲೇಜಿನಲ್ಲಿ ಉಳಿಯುವುದಕ್ಕೆ ಬೇಕಾಗಿದ್ದುದು ಎರಡನೆಯದು.

“ನಿನ್ನದರಲ್ಲಿ ನಿನ್ನದು ಯಾವುದು, ತೋರಿಸು” ಅಂದರು ಮೇಡಮ್.

ಅವಳು ಹಾಳೆಯ ಮೇಲೆ ಬೆರಳಿಟ್ಟಳು. ಇದು ನಂದು. ಇದು ಇವನು ಕೇಳಿದ್ಕೆ ನಾನು ಏಳಿದ್ದು. ಈ ಮಾತು ಇವಳದು, ಆದ್ರೆ ನಂಗೆ ಒಪ್ಪಿಗೆ ಆಯ್ತು. ಇಲ್ಲೊಂದು ಪ್ಯಾರಾ ಇತ್ತು ಮೇಡಮ್, ಇವಳು ಬರೆದಿದ್ದು, ತುಂಬ ಚಂದಾಗಿತ್ತು, ತಗಿಸ್ದೆ.

“ಚೆನ್ನಾಗಿದ್ರೆ ಯಾಕೆ ತೆಗೆಸಿದೆ?”

“ಅದಿದ್ದಿದ್ರೆ ಓದಿದೋರು ನಂಗೆ ಅಸ ಸಾಕಾಗೈತೆ ಅನ್ಕಳೋರು. ನಂಗೆ ಸಾಕಾಗಿಲ್ಲ. ಕೇಳೋರ ಮಾತು ಸಾಕಾಗೈತೆ.”

ಮೇಡಮ್ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಆ ಜಾಗವನ್ನು ಇನ್ನೊಮ್ಮೆ ಓದಿದರು. ಕರಗಿಬಿಡುತ್ತಾರೆ ಅಂದುಕೊಂಡೆ. ಕರಗಲಿಲ್ಲ. “ಈ ಪ್ರಬಂಧಕ್ಕೆ ನಾಲ್ವರಿಗೂ ಅಂಕ ಇಲ್ಲ. ಮುಂದಿನದು ಕ್ಲಾಸಿನಲ್ಲಿ, ನನ್ನೆದುರಿಗೆ, ಒಬ್ಬೊಬ್ಬರೇ. ಅದರ ಮೇಲೆ ತೀರ್ಮಾನ.” ಎದ್ದು ಹೊರಟವರು ಬಾಗಿಲಲ್ಲಿ ನಿಂತು ರಾಮನಾಥಪುರದವನಿಗೆ “ನಿನ್ನ ಹೊಗೆಸೊಪ್ಪಿನ ಪ್ರಬಂಧ ಹರಿದು ಹಾಕಬೇಡ, ಇಟ್ಕೊ” ಅಂದರು.

ಕ್ಲಾಸಿನಲ್ಲಿ ಬರೆಯಲು ಕೊಟ್ಟ ವಿಷಯ ‘ಕಾಯುವುದು’. ನಮ್ಮನ್ನು ನಾಲ್ಕು ಮೂಲೆಗೆ ಕೂರಿಸಿದ್ದರು. ನಾನು ಏನೋ ಬರೆದೆ, ಈಗ ನೆನಪಿಲ್ಲ. ನೆನಪಿರುವುದು ಆ ಕಡೆಯ ಕಿಟಕಿ ಪಕ್ಕ ಕೂತಿದ್ದ ಅವಳ ಬೆನ್ನು. ಮೊದಲರ್ಧ ಗಂಟೆ ಬಗ್ಗಿ ಬರೆಯುತ್ತಿದ್ದಳು. ಆಮೇಲೆ ತಲೆ ಎತ್ತಿ ಯಾರಾದರೂ ‘ಯಾರದು, ಯಾಕೆ’ ಅಂತ ಕೇಳುತ್ತಾರೇನೋ ಎಂಬಂತೆ ಚನ್ನರಾಯಪಟ್ಟಣದವನ ಕಡೆ ನೋಡಿದಳು. ಅವನು ತನ್ನ ಹಾಳೆಯ ಮೇಲೆ ಬೆವರುತ್ತಿದ್ದ.

ಮಾರನೆಯ ದಿನ ಮೇಡಮ್ ಕರೆಸಿದ್ದು ಅವಳೊಬ್ಬಳನ್ನೇ. ಕರೆಯದಿದ್ದರೂ ಹಿಂದೆಯೇ ಹೋದೆ. ನನ್ನನ್ನು ನೋಡಿ “ವಕೀಲರೂ ಬಂದ್ರಾ” ಅಂದರು.

ಹಾಳೆ ಮೇಜಿನ ಮೇಲಿತ್ತು. “ಮೊದಲರ್ಧ ಓದಿಸಿಕೊಂಡು ಹೋಗುತ್ತೆ. ಆಮೇಲೆ ಎಲ್ಲೆಲ್ಲಿಗೋ ಹೋಗಿದ್ದೀಯ. ನಿನ್ನನ್ನ ಹೀಗೇ ಪರೀಕ್ಷೆಗೆ ಬಿಟ್ಟರೆ ಕಷ್ಟ. ಬೇರೆ ಕ್ಲಾಸಿಗೆ ಬರಲೇಬೇಕಮ್ಮ.”

ನನಗೆ ತಡೆಯಲಾಗಲಿಲ್ಲ. ಅದು ಅನ್ಯಾಯ, ಒಬ್ಬೊಬ್ಬರ ಪರಿಸ್ಥಿತಿ ನೋಡದೆ ಎಲ್ಲರಿಗೂ ಒಂದೇ ಅಳತೆ ಇಡುವುದು ಸಮಾನತೆ ಅಲ್ಲ ಅಂತ ಶುರು ಮಾಡಿದೆ. ಹಳೇಕೋಟೆಯವಳು ಮೇಜಿನ ಕೆಳಗೆ ನನ್ನ ಕೈ ಚಿವುಟಿದಳು. ಮೇಡಮ್ ನನ್ನ ಮಾತು ಕೇಳಿಸಿಕೊಳ್ಳುತ್ತಲೂ ಇರಲಿಲ್ಲ. ಹಾಳೆಯ ಮೊದಲರ್ಧವನ್ನು ಮತ್ತೆ ಓದುತ್ತಿದ್ದರು.

“ಈ ಮೆಟ್ಟಿಲ ಮೇಲೆ ಕೂರೋದು ನಿಜವಾ?”

ಬಗ್ಗಿ ನೋಡಿದೆ. ಅವಳು ಬರೆದಿದ್ದುದು ಬೆಳಗ್ಗೆ ಕಾಲೇಜಿನ ಮೆಟ್ಟಿಲ ಮೇಲೆ ಕೂತು ಕಾಯುವುದನ್ನು. ಬೆಳಗಿನ ಹಾಲು ಹಾಕಿ ಹತ್ತುವ ಬಸ್ಸು ಅವಳನ್ನು ಎಂಟೂವರೆಗೆಲ್ಲ ಹಾಸನದಲ್ಲಿ ಇಳಿಸುತ್ತದೆ. ಆಮೇಲಿನ ಬಸ್ಸು ಹಿಡಿದರೆ ಮೊದಲ ಪೀರಿಯಡ್ ತಪ್ಪುತ್ತದೆ. ಹಾಗಾಗಿ ದಿನಾ ಹತ್ತು ಗಂಟೆಯವರೆಗೆ ಅಲ್ಲೇ. ಗುಡಿಸುವವರು ಯಾವ ಕೋಣೆಯಿಂದ ಶುರು ಮಾಡುತ್ತಾರೆ, ಯಾವ ಕಿಟಕಿಗೆ ಚಿಲಕ ಇಲ್ಲ, ಪ್ಯೂನು ಟೀ ಕುಡಿಯಲು ಹೋಗುವಾಗ ಬೀಗದ ಕೈ ಗೊಂಚಲನ್ನು ಅವಳ ಹತ್ತಿರ ಕೊಟ್ಟು ‘ನೋಡ್ಕಳವ್ವ’ ಅನ್ನುವುದು, ಎಲ್ಲ ಇತ್ತು. ಇಷ್ಟು ದಿನ ಅವಳ ಪಕ್ಕ ಕೂತಿದ್ದೆ. ಬಸ್ಸು ಇಳಿದು ನೇರ ಕ್ಲಾಸಿಗೆ ಬರುತ್ತಾಳೆ ಅಂದುಕೊಂಡಿದ್ದೆ.

“ನಿಜ ಮೇಡಮ್. ದಿನಾ.”

“ನೀನೊಬ್ಬಳೇನಾ?”

“ಅರಕಲಗೂಡು ಬಸ್ಸಿನೋರು ಇರ್ತಾರೆ. ಒಂದಷ್ಟು ಉಡುಗ್ರು ಕ್ಯಾಂಟೀನ್ ತಾವ ಇರ್ತವೆ.”

ಮೇಡಮ್ ಗೋಡೆಯ ಮೇಲಿದ್ದ ಟೈಮ್‌ಟೇಬಲ್ ನೋಡಿದರು. ಬೆರಳು ಮಡಿಚಿ ಏನೋ ಲೆಕ್ಕ ಹಾಕಿಕೊಂಡರು. “ನಾನು ಚನ್ನರಾಯಪಟ್ಟಣದಿಂದ ಬರೋಳು. ಎಷ್ಟು ಬೇಗ ಹೊರಟರೂ ಇಲ್ಲಿಗೆ ಬರೋ ಹೊತ್ತಿಗೆ ಒಂಬತ್ತಾ—”

“ಒಂಬತ್ಕೇ ಬನ್ನಿ ಮೇಡಮ್, ಪರ್ವಾಗಿಲ್ಲ” ಅಂದಳು, ಮನೆಗೆ ಕರೆಯುವವಳ ಹಾಗೆ.

ಮೇಡಮ್ ನಕ್ಕುಬಿಟ್ಟರು. ನಾನು ಕಂಡಂತೆ ಮೊದಲ ಸಲ.

ಆಚೆ ಬಂದ ಮೇಲೆ ಇದನ್ನು ಬಹಳ ಯೋಚಿಸಿದೆ. ಮಟ್ಟ ಯಾರು ಅಳೆಯುವುದು, ಸಮಾನತೆ ಅಂದರೆ ಏನು, ಕಾಪಿಗೂ ಸಹಾಯಕ್ಕೂ ಗೆರೆ ಎಲ್ಲಿ, ಎಲ್ಲದರ ಮೇಲೂ ನಾನು ಮಾತಾಡಿದ್ದೆ. ಸಂಜೆ ನಾಲ್ಕೇ ಯಾಕೆ ಅಂತ ಒಂದು ಸಲವೂ ಕೇಳಿರಲಿಲ್ಲ. ನಡೆದುಕೊಂಡು ಮನೆಗೆ ಹೋಗುವವಳಿಗೆ ಅದು ಪ್ರಶ್ನೆ ಅಂತಲೇ ಹೊಳೆಯುವುದಿಲ್ಲ. ಅವಳೂ ಕೇಳಲೆಂದು ಬರೆದದ್ದಲ್ಲ. ಕಾಯುವುದು ಅಂದಾಗ ಅವಳಿಗೆ ನೆನಪಾದದ್ದನ್ನು ಬರೆದಿದ್ದಳು ಅಷ್ಟೆ, ಅದೂ ಅರ್ಧ ದಾರಿಯವರೆಗೆ. ಆದರೆ ಆ ಅರ್ಧದಲ್ಲಿ ಓದುವವರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ನನ್ನ ಎರಡು ಪುಟಗಳಲ್ಲಿ ಯಾವತ್ತೂ ಅಂಥದ್ದೊಂದು ಇರಲಿಲ್ಲ, ಎಲ್ಲರಿಗೂ ಗೊತ್ತಿದ್ದದ್ದನ್ನೇ ಅವರಿಗಿಂತ ಜೋರಾಗಿ ಹೇಳುತ್ತಿದ್ದೆ.

ಹಾಗಂತ ಮುಯ್ಯಾಳಿನಿಂದ ಅವಳು ಬರೆಯಲು ಕಲಿತಳು ಅಂತ ನಾನು ಹೇಳಲಾರೆ. ಅದಕ್ಕೆ ಪುರಾವೆ ಇಲ್ಲ. ಮುಯ್ಯಾಳು ಇಲ್ಲದಿದ್ದರೆ ಆ ಮೊದಲರ್ಧವೂ ಬರುತ್ತಿರಲಿಲ್ಲ ಅಂತ ಅವಳು ಹೇಳುತ್ತಾಳೆ. ಇರಬಹುದು. ಈಗ ನಾವು ಕೊನೆಯ ವರ್ಷ, ಇಬ್ಬರೂ ಇನ್ನೂ ಒಂದೇ ಬೆಂಚು, ಈ ವಿಷಯದಲ್ಲಿ ಇನ್ನೂ ಒಮ್ಮತ ಇಲ್ಲ.

ಸಂಜೆಯ ಬೇರೆ ಕ್ಲಾಸು ಬೆಳಗ್ಗೆಗೆ ಬದಲಾದ ವಾರ ಒಂದು ದಿನ ನಾನೂ ಒಂಬತ್ತಕ್ಕೆ ಹೋದೆ. ಕೆಲಸವಿತ್ತು ಅಂತೇನಲ್ಲ. ಚಿಲಕವಿಲ್ಲದ ಕಿಟಕಿಯ ಕೋಣೆ, ಒಳಗೆ ಹತ್ತು ಹನ್ನೆರಡು ಜನ, ಚನ್ನರಾಯಪಟ್ಟಣದವನು ಮೇಡಮ್ ಬರುವ ಬಸ್ಸಿನಲ್ಲೇ ಬಂದು ನಿದ್ದೆಗಣ್ಣಿನಲ್ಲಿ ಕೂತಿದ್ದ. ಹಳೇಕೋಟೆಯವಳು ಮುಂದಿನ ಬೆಂಚಿನಲ್ಲಿ ತನ್ನ ‘ಕಾಯುವುದು’ ಪ್ರಬಂಧವನ್ನು ಮತ್ತೆ ಬರೆಯುತ್ತಿದ್ದಳು. ಮೇಡಮ್ ಅವಳ ಪಕ್ಕ ಬಗ್ಗಿ ನಿಂತಿದ್ದರು.

“ಈ ಬೀಗದ ಕೈ ವಿಷಯ ತೆಗಿ. ವಿಷಯಕ್ಕೂ ಅದಕ್ಕೂ ಸಂಬಂಧ ಇಲ್ಲ.”

“ಅದಿರ್ಲಿ ಮೇಡಮ್. ಅದು ನಂಗೆ ಬೇಕು.”

“ಬೇಕು ಅಂದ್ರೆ ಆಗಲ್ಲ. ಯಾಕೆ ಬೇಕು, ಅದನ್ನ ಹೇಳು.”

ಅವಳು ಪೆನ್ನಿನ ತುದಿ ಕಚ್ಚಿಕೊಂಡು ಕೂತಳು. ಕಿಟಕಿಯ ಹೊರಗೆ ನಿಂತಿದ್ದ ನನಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಒಂದಲ್ಲ, ಎರಡು ಮೂರು. ಒಳಗೆ ಎಲ್ಲರೂ ಬರೆಯುವುದು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಮೇಡಮ್ಮೂ ಕಾಯುತ್ತಿದ್ದರು.

“ಬೀಗದ ಕೈ ಕೊಟ್ಟಿಲ್ದಿದ್ರೆ” ಅಂತ ಶುರು ಮಾಡಿ ನಿಂತಳು. ತಲೆ ಅಲ್ಲಾಡಿಸಿ ಮತ್ತೆ ಶುರು ಮಾಡಿದಳು. “ಬರೀ ಕೂತಿರೋರ್ಗೂ, ನೋಡ್ಕಂಡು ಕೂತಿರೋರ್ಗೂ ಬ್ಯಾರೆ ಇಲ್ವಾ ಮೇಡಮ್?”

ಮೇಡಮ್ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಅವಳು ಬಗ್ಗಿ ಬರೆಯತೊಡಗಿದ್ದನ್ನು ಮಾತ್ರ ನೋಡಿದೆ.